ಆಟಿಸಂ ಇರುವ ಹೆಣ್ಣುಮಗಳಿಗೂ ಬೇಕು ಒಂದು ಬಳಗ

ಶಾಲೆಗೆ ಹೋಗುವ ಹುಡುಗಿಯರ ಹೊಟ್ಟೆನೋವು ವೈದ್ಯರಿಗೆ ಹೊಸದಲ್ಲ. ಜಂತುಹುಳು, ಮಲಬದ್ಧತೆ, ಮೂತ್ರದ ಸೋಂಕು, ಬೆಳಗ್ಗೆ ಏನೂ ತಿನ್ನದೆ ಬಸ್ಸಿಗೆ ಓಡುವ ಅಭ್ಯಾಸ, ಹೀಗೆ ಕಾರಣಗಳು ಹಲವು. ಆದರೆ ರಕ್ತ, ಮೂತ್ರ, ಸ್ಕ್ಯಾನ್ ಎಲ್ಲವೂ ಸರಿಯಿದ್ದು, ನೋವು ಮಾತ್ರ ಶನಿವಾರ ಮಧ್ಯಾಹ್ನ ಮಾಯವಾಗಿ ಸೋಮವಾರ ಬೆಳಗ್ಗೆ ಮರಳಿ ಬರುತ್ತಿದ್ದರೆ? ಶಾಲೆ ತಪ್ಪಿಸಲು ಹೂಡಿದ ನೆವ ಎಂದು ಮನೆಯವರು ಗದರುತ್ತಾರೆ. ನೆವವಲ್ಲ, ನೋವು ನಿಜವಾದದ್ದೇ. ಅದರ ಮೂಲ ಮಾತ್ರ ಹೊಟ್ಟೆಯಲ್ಲಿಲ್ಲ, ತರಗತಿಯಲ್ಲಿದೆ. ಇಂಥ ಹುಡುಗಿಯರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಿದರೆ, ಕೆಲವರ ಹಿಂದೆ ಯಾರೂ ಗುರುತಿಸದ ಆಟಿಸಂ ಇರುವುದು ಗೊತ್ತಾಗುತ್ತದೆ. ಏಳನೇ ತರಗತಿಯವರೆಗೂ ಅವರು ಅದನ್ನು ಹೊತ್ತುಕೊಂಡೇ ಬಂದಿರುತ್ತಾರೆ.

ಹೀಗೆಂದಾಗ ತಂದೆತಾಯಿ ಕೇಳುವ ಮೊದಲ ಪ್ರಶ್ನೆ, ‘ಅದು ಗಂಡುಮಕ್ಕಳಿಗೆ ಬರೋದಲ್ವಾ ಡಾಕ್ಟ್ರೇ?’

ಆಟಿಸಂ ಅಂಟುರೋಗವಲ್ಲ, ಬುದ್ಧಿಭ್ರಮಣೆಯಲ್ಲ. ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆ ಬೇರೊಂದು ರೀತಿಯಲ್ಲಿ ಸಾಗಿರುವ ಸ್ಥಿತಿ. ಮಾತು, ಬೆರೆಯುವಿಕೆ, ಶಬ್ದ-ಬೆಳಕು-ಸ್ಪರ್ಶಗಳನ್ನು ತಾಳಿಕೊಳ್ಳುವ ಶಕ್ತಿ, ದಿನಚರಿಯ ಬದಲಾವಣೆಗೆ ಒಗ್ಗಿಕೊಳ್ಳುವುದು, ಇವೆಲ್ಲವೂ ಇತರರಿಗಿಂತ ಭಿನ್ನವಾಗಿರುತ್ತವೆ. ಕೆಲವು ಮಕ್ಕಳಿಗೆ ಮಾತೇ ಬರುವುದಿಲ್ಲ, ಕೆಲವರು ತರಗತಿಗೆ ಮೊದಲಿಗರು. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುವುದುಂಟು. ನನಗೆ ಈ ಪದ ಅಷ್ಟಾಗಿ ಹಿಡಿಸದು. ತನ್ನಲ್ಲೇ ಮುಳುಗಿ ಸುಖವಾಗಿರುವ ಮಗುವಿನ ಚಿತ್ರ ಅದು. ನಾನು ಕಂಡ ಎಷ್ಟೋ ಹುಡುಗಿಯರಿಗೆ ಗೆಳತಿಯರು ಬೇಕು. ಹೇಗೆ ಮಾಡಿಕೊಳ್ಳುವುದೆಂದು ತಿಳಿಯದು, ಅಷ್ಟೆ.

ಹುಡುಗಿಯರು ಲೆಕ್ಕಕ್ಕೆ ಸಿಗದೆ ಹೋದದ್ದು

ಅಮೆರಿಕದ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ 11 ಮಕ್ಕಳ ವಿವರವಿತ್ತು. ಅವರಲ್ಲಿ ಹುಡುಗಿಯರು 3. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ವಿವರಿಸಿದ್ದು ಹುಡುಗರನ್ನು ಮಾತ್ರ. ಮುಂದೆ ವೈದ್ಯರು ಕಲಿತ ಲಕ್ಷಣಗಳ ಪಟ್ಟಿ ಬಹುಮಟ್ಟಿಗೆ ಹುಡುಗರನ್ನು ನೋಡಿ ಮಾಡಿದ್ದು. ನಾಲ್ವರು ಹುಡುಗರಿಗೆ ಒಬ್ಬ ಹುಡುಗಿ ಎಂಬ ಲೆಕ್ಕ ಪಠ್ಯಪುಸ್ತಕಗಳಲ್ಲಿ ಬಹುಕಾಲ ಇತ್ತು. 2017ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಪ್ರಮಾಣ ಮೂವರಿಗೆ ಒಬ್ಬಳ ಹತ್ತಿರ ಬಂತು. ಅಂದರೆ, ಆಟಿಸಂ ಇದ್ದೂ ಗುರುತಿಸಲ್ಪಡದ ಹುಡುಗಿಯರ ಸಂಖ್ಯೆ ಸಣ್ಣದಲ್ಲ.

ಕಾರಣವನ್ನು ನಮ್ಮ ಮನೆಗಳಲ್ಲೇ ಹುಡುಕಬಹುದು. ಯಾರೊಂದಿಗೂ ಬೆರೆಯದ ಹುಡುಗನನ್ನು ನೋಡಿ ‘ಇವನಿಗೇನೋ ಆಗಿದೆ’ ಎನ್ನುವ ನಾವು, ಹಾಗೆಯೇ ಇರುವ ಹುಡುಗಿಯನ್ನು ‘ಎಷ್ಟು ಸಾಧು, ಕೂತಲ್ಲಿ ಕೂತಿರ್ತಾಳೆ’ ಎಂದು ಹೊಗಳುತ್ತೇವೆ. ಹುಡುಗ ರೈಲಿನ ಹುಚ್ಚು ಹಿಡಿಸಿಕೊಂಡರೆ ಎದ್ದು ಕಾಣುತ್ತದೆ. ಹುಡುಗಿ ಒಂದೇ ಧಾರಾವಾಹಿಯ ಮುನ್ನೂರು ಕಂತುಗಳ ಸಂಭಾಷಣೆಯನ್ನು ಬಾಯಿಪಾಠ ಹೇಳಿದರೆ ಯಾರಿಗೂ ಆಶ್ಚರ್ಯವಾಗದು.

ಇನ್ನೊಂದು ಕಾರಣ ಹೆಚ್ಚು ಸೂಕ್ಷ್ಮವಾದುದು. ಈ ಹುಡುಗಿಯರಲ್ಲಿ ಅನೇಕರು ತರಗತಿಯ ಒಬ್ಬ ಚೂಟಿ ಹುಡುಗಿಯನ್ನು ಆರಿಸಿಕೊಂಡು ಅವಳ ನಗು, ಮಾತಿನ ಧಾಟಿ, ಜಡೆ ಹಾಕುವ ರೀತಿ ಎಲ್ಲವನ್ನೂ ನಕಲು ಮಾಡುತ್ತಾರೆ. ಎದುರಿನವರ ಕಣ್ಣು ನೋಡಲಾಗದಿದ್ದರೆ ಹುಬ್ಬುಗಳ ನಡುವೆ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಹೊರಗಿನವರಿಗೆ ಎಲ್ಲವೂ ಸರಿಯಾಗಿದೆ. ಒಳಗೆ ಆ ಮಗು ದಿನಕ್ಕೆ ಆರು ಗಂಟೆ ವೇಷ ಕಟ್ಟಿ ಕುಣಿಯುತ್ತಿರುತ್ತದೆ. ಸಂಜೆ ಮನೆಗೆ ಬಂದೊಡನೆ ಚೀಲ ಎಸೆದು, ಕಿರುಚಿ, ಬಾಗಿಲು ಹಾಕಿಕೊಳ್ಳುತ್ತದೆ. ‘ಶಾಲೆಯಲ್ಲಿ ಬಂಗಾರದಂಥ ಹುಡುಗಿ ಅಂತಾರೆ, ಮನೇಲಿ ಹೀಗೆ’ ಎಂದು ತಾಯಂದಿರು ದೂರುವುದು ಇದನ್ನೇ. ಈ ನಟನೆಯ ಆಯಾಸ ವರ್ಷಗಟ್ಟಲೆ ಮುಂದುವರಿದರೆ ಆತಂಕ, ಖಿನ್ನತೆ, ಕೆಲವರಲ್ಲಿ ಊಟ ಬಿಡುವ ಕಾಯಿಲೆಯೂ ಕಾಣಿಸಿಕೊಳ್ಳಬಹುದು.

ಯಕ್ಷಗಾನ ನೋಡಿದವರಿಗೆ ಚೌಕಿ ಗೊತ್ತು. ವೇಷ ಕಳಚಿ, ಕಾಲು ಚಾಚಿ, ಚಹಾ ಕುಡಿಯುವ ಜಾಗ ಅದು. ಈ ಹುಡುಗಿಯರಿಗೆ ಚೌಕಿಯೇ ಇಲ್ಲ. ತಮ್ಮಂಥವರ ಬಳಗ ಅವರಿಗೆ ಬೇಕಾಗಿರುವುದು ಇದಕ್ಕೇ.

ಗುಂಪುಗಳು ಹುಟ್ಟಿದ ಬಗೆ

ಒಂದೇ ಕಷ್ಟದವರು ಒಟ್ಟಿಗೆ ಕುಳಿತರೆ ವೈದ್ಯರಿಂದ ಆಗದ ಕೆಲಸವೂ ಆಗುತ್ತದೆ ಎಂಬುದು ವೈದ್ಯಕೀಯದಲ್ಲಿ ಹಳೆಯ ಅನುಭವ. ಮದ್ಯವ್ಯಸನಿಗಳ ಪ್ರಸಿದ್ಧ ಸಂಘ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು ಇಬ್ಬರು ಕುಡುಕರಿಂದ. ಅವರಲ್ಲೊಬ್ಬರು ಶಸ್ತ್ರವೈದ್ಯರೇ ಆಗಿದ್ದರು. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳು ಸಾಲಕ್ಕಾಗಿ ಸೇರಿದರೂ ಕೊನೆಗೆ ಮಾತಾಗುವುದು ಮನೆಯ ಕಷ್ಟಸುಖವೇ.

ಆಟಿಸಂ ವಿಷಯದಲ್ಲಿ ಈ ಕೆಲಸವನ್ನು ಮೊದಲು ಮಾಡಿದವರು ತಂದೆತಾಯಂದಿರು. ಅದಕ್ಕೊಂದು ಕಹಿ ಹಿನ್ನೆಲೆಯಿದೆ. ಕಳೆದ ಶತಮಾನದ ಐವತ್ತು-ಅರವತ್ತರ ದಶಕಗಳಲ್ಲಿ ಪಶ್ಚಿಮದ ತಜ್ಞರು ತಾಯಿಯ ತಣ್ಣನೆಯ ಸ್ವಭಾವವೇ ಆಟಿಸಂಗೆ ಕಾರಣ ಎನ್ನುತ್ತಿದ್ದರು. ‘ರೆಫ್ರಿಜರೇಟರ್ ತಾಯಂದಿರು’ ಎಂಬ ಕ್ರೂರ ಹೆಸರೂ ಚಲಾವಣೆಯಲ್ಲಿತ್ತು. ಇದು ಸುಳ್ಳೆಂದು ಸಾಬೀತಾಗಿ ದಶಕಗಳಾದವು. ನಮ್ಮಲ್ಲಿ ಅದು ಈಗಲೂ ಬೇರೆ ಬೇರೆ ರೂಪದಲ್ಲಿ ಬದುಕಿದೆ: ಬಸುರಿಯಿದ್ದಾಗ ಗ್ರಹಣ ನೋಡಿದಳು, ಕೆಲಸಕ್ಕೆ ಹೋದಳು, ಮೊಬೈಲ್ ಕೊಟ್ಟು ಹಾಳು ಮಾಡಿದಳು. ದೂರುವುದು ಯಾವಾಗಲೂ ತಾಯಿಯನ್ನೇ!

ಬ್ರಿಟನ್ನಿನಲ್ಲಿ 1962ರಲ್ಲಿ ಆಟಿಸಂ ಮಕ್ಕಳ ಪೋಷಕರು ಸಂಘ ಕಟ್ಟಿದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆ. ಆಕೆಯ ಮಗಳಿಗೂ ಆಟಿಸಂ ಇತ್ತು. ದೆಹಲಿಯಲ್ಲಿ 1991ರಲ್ಲಿ ಮೆರಿ ಬರುವಾ ಎಂಬ ತಾಯಿ ‘ಆಕ್ಷನ್ ಫಾರ್ ಆಟಿಸಂ’ ಆರಂಭಿಸಿದರು. ಇವೆಲ್ಲ ಪೋಷಕರ ಗುಂಪುಗಳು. ಆಟಿಸಂ ಇರುವವರೇ ತಮಗಾಗಿ ಕಟ್ಟಿಕೊಂಡ ಗುಂಪು ಬಂದದ್ದು 1992ರಲ್ಲಿ. ಅಮೆರಿಕದ ಜಿಮ್ ಸಿಂಕ್ಲೇರ್, ಆಸ್ಟ್ರೇಲಿಯಾದ ಲೇಖಕಿ ಡೊನ್ನಾ ವಿಲಿಯಮ್ಸ್ ಮೊದಲಾದವರು ಸೇರಿ ಕಟ್ಟಿದ ಜಾಲ ಅದು. ಅವರ ಕೂಟಗಳಲ್ಲಿ ಯಾರೂ ಯಾರೊಡನೆಯೂ ಮಾತನಾಡಲೇಬೇಕೆಂಬ ಒತ್ತಾಯವಿರಲಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಇಂಥ ನಿಯಮ ಬಂದರೆ ಆಟಿಸಂ ಇಲ್ಲದವರಿಗೂ ನೆಮ್ಮದಿ ಸಿಕ್ಕೀತು.

ಹುಡುಗಿಯರಿಗೆಂದೇ ಗುಂಪುಗಳು ಬಂದದ್ದು ತೀರಾ ಈಚೆಗೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2014ರಲ್ಲಿ, ಮಗಳಿಗೆ ಆಟಿಸಂ ಎಂದು ತಿಳಿದ ತಾಯಿಯೊಬ್ಬರು ಅಂಥ ಇತರ ಹುಡುಗಿಯರನ್ನು ಸೇರಿಸಿ ‘ಯೆಲ್ಲೋ ಲೇಡಿಬಗ್ಸ್’ ಎಂಬ ಬಳಗ ಶುರು ಮಾಡಿದರು. ಅಲ್ಲಿ ನಡೆಯುವುದು ಚಿಕಿತ್ಸೆಯಲ್ಲ, ಪಾಠವಲ್ಲ. ಸುಮ್ಮನೆ ಕೂಡಿ ಆಡುವುದು, ಚಿತ್ರ ಬರೆಯುವುದು. ಇಂಗ್ಲೆಂಡಿನ ಸರ್ರೆಯಲ್ಲಿ ಲಿಂಪ್ಸ್‌ಫೀಲ್ಡ್ ಗ್ರೇಂಜ್ ಎಂಬ ಹೆಣ್ಣುಮಕ್ಕಳ ಸರ್ಕಾರಿ ವಿಶೇಷ ಶಾಲೆಯ ವಿದ್ಯಾರ್ಥಿನಿಯರು ಲೇಖಕಿಯೊಬ್ಬರ ಜೊತೆ ಸೇರಿ 2015ರಲ್ಲಿ ಒಂದು ಕಾದಂಬರಿಯನ್ನೇ ತಂದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಆಟಿಸಂ ಇರುವ ವಯಸ್ಕ ಮಹಿಳೆಯರಿಗಾಗಿ ‘ಫೆಲಿಸಿಟಿ ಹೌಸ್’ ತೆರೆಯಿತು.

ಒಟ್ಟಿಗೆ ಕೂರುವುದರಿಂದ ಏನಾಗುತ್ತದೆ?

ಆಟಿಸಂ ಇರುವವರಿಗೆ ಪರರ ಮನಸ್ಸು ತಿಳಿಯದು ಎನ್ನುವುದು ಹಳೆಯ ನಂಬಿಕೆ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ತಿರುಗಿಸಿ ನೋಡಿದರು. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞರು ಅವರು. ನಮಗೆ ನಿಮ್ಮ ಮನಸ್ಸು ಅರ್ಥವಾಗದಷ್ಟೇ ನಿಮಗೆ ನಮ್ಮದೂ ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆಯದು ಎಂಬುದು ಅವರ ವಾದ. 2020ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ, ನಾವೆಲ್ಲ ಚಿಕ್ಕಂದಿನಲ್ಲಿ ಆಡಿದ ಕಿವಿಮಾತಿನ ಆಟದ ಹಾಗೆ, 8 ಜನರ ಸರಪಳಿಗಳಲ್ಲಿ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ನೋಡಿತು. ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸರಪಳಿಗಳಲ್ಲಿ ಕಥೆ ಇತರರ ಸರಪಳಿಗಳಷ್ಟೇ ಚೆನ್ನಾಗಿ ದಾಟಿತು. ಎರಡೂ ಬಗೆಯವರನ್ನು ಬೆರೆಸಿದಾಗ ಹೆಚ್ಚು ಸೋರಿತು. 2025ರಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆದಾಗ ಬೆರಕೆ ಸರಪಳಿಗಳಲ್ಲೂ ಅಂಥ ನಷ್ಟ ಕಾಣಲಿಲ್ಲ. ಎರಡರಲ್ಲೂ ಒಂದು ಸಂಗತಿ ಮಾತ್ರ ಸಮಾನ: ಆಟಿಸಂ ಇರುವವರು ತಮ್ಮ ತಮ್ಮಲ್ಲಿ ವಿಷಯ ಮುಟ್ಟಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ.

ನನಗೆ ಗೊತ್ತಿರುವ ಒಂದು ಪುಟ್ಟ ಗುಂಪಿನ ಮಾತು ಹೇಳುತ್ತೇನೆ. ತಾಲ್ಲೂಕು ಕೇಂದ್ರವೊಂದರಲ್ಲಿ ಆರು ಕುಟುಂಬಗಳು ತಿಂಗಳ ಎರಡನೇ ಶನಿವಾರ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತವೆ. ಹುಡುಗಿಯರಿಗೆ 8ರಿಂದ 16 ವರ್ಷ. ಒಬ್ಬಳು ಬಳೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾಳೆ. ಇನ್ನೊಬ್ಬಳಿಗೆ ಬಸ್ ನಿಲ್ದಾಣದ ಎಲ್ಲ ಬಸ್ಸುಗಳ ವೇಳೆ ಕಂಠಸ್ಥ. ಮಾತು ಬಾರದ ಒಬ್ಬಳು ಚಿತ್ರದ ಚೀಟಿ ತೋರಿಸಿ ನೀರು ಕೇಳುತ್ತಾಳೆ. ಮತ್ತೊಬ್ಬಳು ಮೊದಲ ಮೂರು ಸಭೆಗಳನ್ನು ಮೇಜಿನ ಕೆಳಗೇ ಕಳೆದಳು, ಯಾರೂ ಎಳೆಯಲಿಲ್ಲ. ನಾಲ್ಕನೆಯ ಸಲ ಕೈ ಚಾಚಿ ಬಸ್ಸಿನ ಹುಡುಗಿಯ ಹತ್ತಿರ ಕೆಂಪು ಬಣ್ಣದ ಕಡ್ಡಿ ಕೇಳಿದಳು. ಅವಳ ತಾಯಿ ಅದನ್ನು ನನಗೆ ಹೇಳುವಾಗ, ಮಗಳಿಗೆ ಮೊದಲ ದರ್ಜೆ ಬಂದಂತೆ ಹೇಳಿದರು. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ನಡೆಯುತ್ತಿಲ್ಲ ಎನಿಸಬಹುದು. ಪಕ್ಕಪಕ್ಕದಲ್ಲಿ ಕೂತು ತಂತಮ್ಮ ಕೆಲಸ ಮಾಡಿಕೊಳ್ಳುವುದೂ ಇವರಿಗೆ ಸ್ನೇಹವೇ. ಅದನ್ನು ‘ಬೆರೆಯುವುದು’ ಅಲ್ಲವೆಂದು ತಿದ್ದಲು ಹೋಗಬಾರದು.

ಪಕ್ಕದ ಕೋಣೆಯಲ್ಲಿ ಫ್ಲಾಸ್ಕಿನ ಕಾಫಿಯೊಡನೆ ದೊಡ್ಡವರು. ಒಂದು ಮನೆಯಿಂದ ಅಜ್ಜಿಯೂ ಬರುತ್ತಾರೆ. ಯಾವ ಸಮವಸ್ತ್ರದ ಹೊಲಿಗೆ ಚುಚ್ಚುವುದಿಲ್ಲ, ಮಿಕ್ಸಿ ತಿರುಗಿಸುವ ಮುಂಚೆ ಹೇಗೆ ಸೂಚನೆ ಕೊಡುವುದು, ಮಲ್ಲಿಗೆಯ ವಾಸನೆ ಆಗದ ಮಗುವನ್ನು ಮದುವೆಗೆ ಕರೆದೊಯ್ಯುವುದು ಹೇಗೆ, ಕೂದಲು ಕತ್ತರಿಸುವಾಗ ಏನು ಮಾಡುವುದು ಎಂಬ ಮಾತುಗಳೇ ಹೆಚ್ಚು. ಇವು ನನ್ನ ಎಂಬಿಬಿಎಸ್ ಪುಸ್ತಕಗಳಲ್ಲಿ ಇರಲಿಲ್ಲ. ‘ಇವಳ ವಿಷಯ ಗೊತ್ತಾದರೆ ಅಕ್ಕನಿಗೆ ಗಂಡು ಸಿಗೋದಿಲ್ಲ’ ಎಂಬ ಭಯವನ್ನು ಬಾಯಿಬಿಟ್ಟು ಆಡಲು ಸಾಧ್ಯವಾಗುವುದೂ ಅಲ್ಲೇ. ಆಡಿದ ಮಾತು ಕೋಣೆಯ ಹೊರಗೆ ಹೋಗಬಾರದು, ಇದು ಅವರ ಮೊದಲ ನಿಯಮ. ಆರಂಭದಲ್ಲಿ ಗಂಡಸರು ಬೈಕಿನಲ್ಲಿ ತಂದು ಬಿಟ್ಟು ಹೋಗುತ್ತಿದ್ದರು. ಈಗ ಇಬ್ಬರು ಒಳಗೆ ಬಂದು ಕೂರುತ್ತಾರಂತೆ. ಕಾಫಿಯೇ ಕಾರಣ ಎಂದು ಹೆಂಗಸರ ತಮಾಷೆ.

ಮೈನೆರೆಯುವ ಮುನ್ನ

ಹುಡುಗಿಯರಿಗೆ ಬೇರೆಯದೇ ಗುಂಪು ಯಾಕೆ, ಎಲ್ಲ ಮಕ್ಕಳೂ ಒಟ್ಟಿಗೆ ಇರಬಾರದೇ ಎಂದು ಕೇಳುವವರಿದ್ದಾರೆ. ಇರಬಹುದು, ಇರಬೇಕು. ಆದರೆ ಮುಟ್ಟಿನ ಮಾತು ಬಂದಾಗ ಹುಡುಗರ ತಂದೆಯರ ಎದುರು ಯಾವ ತಾಯಿ ಬಾಯಿ ತೆರೆದಾರು?

ಬದಲಾವಣೆಯನ್ನೇ ಸಹಿಸದ ಮಗುವಿಗೆ ಒಂದು ದಿನ ಹಠಾತ್ತನೆ ಒಳಉಡುಪಿನಲ್ಲಿ ರಕ್ತ ಕಂಡರೆ ಅವಳ ಗತಿಯೇನು? ಆದ್ದರಿಂದ ಸಿದ್ಧತೆ ಎಂಟು-ಒಂಬತ್ತನೆಯ ವಯಸ್ಸಿನಲ್ಲೇ ಆರಂಭವಾಗಬೇಕು. ಅನುಭವಿ ತಾಯಂದಿರು ಹೇಳಿಕೊಡುವ ಉಪಾಯಗಳು ಇಲ್ಲಿ ಬೆಲೆಯುಳ್ಳವು: ಮುಟ್ಟು ಬರುವ ಮೊದಲೇ ದಿನಕ್ಕೆ ಅರ್ಧ ಗಂಟೆ ಪ್ಯಾಡ್ ಧರಿಸಿ ರೂಢಿ ಮಾಡಿಸುವುದು; ಬಿಚ್ಚುವುದು, ಸುತ್ತುವುದು, ಬುಟ್ಟಿಗೆ ಹಾಕುವುದು, ಕೈ ತೊಳೆಯುವುದು ಎಂಬ ನಾಲ್ಕು ಚಿತ್ರಗಳನ್ನು ಬಚ್ಚಲಮನೆಯ ಗೋಡೆಗೆ ಅಂಟಿಸುವುದು; ಪ್ಲಾಸ್ಟಿಕ್ ಸದ್ದು ಮತ್ತು ಸ್ಪರ್ಶ ಆಗದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯದನ್ನು ಬಳಸುವುದು; ಕ್ಯಾಲೆಂಡರಿನಲ್ಲಿ ದಿನ ಗುರುತಿಸಿ ಮುಂಚಿತವಾಗಿ ತಿಳಿಸುವುದು. ನೋವಿದ್ದರೂ ಹೇಳಲಾಗದ ಮಗು ಆ ದಿನಗಳಲ್ಲಿ ತಲೆ ಚಚ್ಚಿಕೊಳ್ಳಬಹುದು, ಕೈ ಕಚ್ಚಿಕೊಳ್ಳಬಹುದು. ಇದನ್ನು ಹಠವೆಂದು ತಿಳಿಯದೆ ನೋವಿಗೆ ಔಷಧಿ ಕೊಡಿಸಿ. ಅಪಸ್ಮಾರವೂ ಇದ್ದರೆ ಕೆಲವರಿಗೆ ಮುಟ್ಟಿನ ಆಸುಪಾಸಿನಲ್ಲಿ ಫಿಟ್ಸ್ ಹೆಚ್ಚುತ್ತದೆ. ದಿನಾಂಕಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು.

ಇಲ್ಲಿ ಒಂದು ಕಠಿಣ ಮಾತು ಹೇಳಲೇಬೇಕು. ‘ಗರ್ಭಕೋಶ ತೆಗೆಸಿಬಿಟ್ಟರೆ ಹೇಗೆ ಡಾಕ್ಟ್ರೇ?’ ಎಂದು ತಗ್ಗಿದ ದನಿಯಲ್ಲಿ ಕೇಳುವ ತಾಯಂದಿರು ಈಗಲೂ ಇದ್ದಾರೆ. ಅವರು ಕ್ರೂರಿಗಳಲ್ಲ, ದಣಿದವರು. ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಆಶ್ರಯಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ 1994ರಲ್ಲಿ ಪುಣೆಯಲ್ಲಿ ಇದೇ ಶಸ್ತ್ರಚಿಕಿತ್ಸೆ ನಡೆದು ದೇಶದಲ್ಲೆಲ್ಲ ದೊಡ್ಡ ವಿವಾದವೆದ್ದಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ವ್ಯಕ್ತಿಯ ಸ್ವಂತ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಬಂಜೆತನ ಉಂಟುಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಗರ್ಭಕೋಶ ತೆಗೆದರೆ ಅತ್ಯಾಚಾರದ ಭಯ ತಪ್ಪುವುದೂ ಇಲ್ಲ. ನಡೆದದ್ದು ಗೊತ್ತಾಗದೆ ಹೋಗಬಹುದು, ಅಷ್ಟೆ. ಈ ಪ್ರಶ್ನೆ ಕೇಳಿದ ತಾಯಿಗೆ ನನ್ನ ಉಪದೇಶಕ್ಕಿಂತ, ಅಂಥದೇ ಮಗಳಿಗೆ ಮುಟ್ಟಿನ ನಿರ್ವಹಣೆ ಕಲಿಸಿದ ಇನ್ನೊಬ್ಬ ತಾಯಿಯ ಭೇಟಿ ಹೆಚ್ಚು ಉಪಯೋಗವಾಗುತ್ತದೆ. ಮುಟ್ಟಿನ ಕಷ್ಟ ನಿಜವಾಗಿಯೂ ಮಿತಿಮೀರಿದ್ದರೆ ಸ್ತ್ರೀರೋಗ ತಜ್ಞರ ಬಳಿ ಔಷಧಿಯ ದಾರಿಗಳಿವೆ.

ಸುರಕ್ಷತೆಯ ಪಾಠವೂ ಗುಂಪಿನಲ್ಲೇ ಸುಲಭ. ಹೇಳಿದಂತೆ ಕೇಳುವ, ಮಾತಿನ ಒಳ ಅರ್ಥ ಹಿಡಿಯಲಾರದ ಹುಡುಗಿಯನ್ನು ದುರುಳರು ಬೇಗ ಗುರುತಿಸುತ್ತಾರೆ. ದೊಡ್ಡವರಿಗೂ ‘ಬೇಡ’ ಎನ್ನಬಹುದು ಎಂಬುದನ್ನು ಇವರಿಗೆ ಮತ್ತೆ ಮತ್ತೆ, ನೇರ ಶಬ್ದಗಳಲ್ಲಿ ಕಲಿಸಬೇಕು. ದೇಹದ ಅಂಗಗಳ ಹೆಸರುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಡಬೇಕು.

ಗುಂಪು ಕಟ್ಟುವವರಿಗೆ

ನಾಲ್ಕೈದು ಕುಟುಂಬ ಸಾಕು. ಮಿಣುಕುವ ಟ್ಯೂಬ್‌ಲೈಟ್ ಇಲ್ಲದ ಕೋಣೆ, ಗದ್ದಲ ತಾಳದವಳಿಗೆ ಹೋಗಿ ಕೂರಲು ಇನ್ನೊಂದು ಮೂಲೆ, ಪ್ರತಿ ಸಲವೂ ಅದೇ ಜಾಗ, ಅದೇ ವೇಳೆ. ದಯವಿಟ್ಟು ಉದ್ಘಾಟನೆ, ಮೈಕು, ಶಾಲು-ಹಾರ ಬೇಡ. ಹುಡುಗಿಯರ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚುವುದಂತೂ ಬೇಡವೇ ಬೇಡ. ಮಕ್ಕಳ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಲಿ. ಒಬ್ಬರೇ ಇರುವ ಪ್ರಸಂಗ ಬರಬಾರದು. ಆಟಿಸಂ ಇದ್ದು ಓದಿ ಕೆಲಸದಲ್ಲಿರುವ ಯುವತಿ ಯಾರಾದರೂ ಸಿಕ್ಕರೆ ಅದಕ್ಕಿಂತ ಭಾಗ್ಯವಿಲ್ಲ. ತನ್ನಂತೆಯೇ ಇದ್ದು ದೊಡ್ಡವಳಾದ ಒಬ್ಬಳನ್ನು ಈ ಹುಡುಗಿಯರು ಕಂಡೇ ಇರುವುದಿಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ನಡೆದ, 2017ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ ಆಟಿಸಂ ಇಲ್ಲದ ಅದೇ ವಯಸ್ಸಿನ ಹುಡುಗಿಯರನ್ನೂ ಸೇರಿಸಿ ಸ್ವಚ್ಛತೆ, ಉಡುಗೆ-ತೊಡುಗೆ, ಮಾತುಕತೆ ಕಲಿಸಿದರು. ಅದೂ ಒಂದು ದಾರಿ. ಆದರೆ ಮತ್ತೆ ನಕಲು ಮಾಡುವುದನ್ನೇ ಕಲಿಸುವ ತರಗತಿ ಅದಾಗದಂತೆ ನೋಡಿಕೊಳ್ಳಬೇಕು.

ಗುಂಪಿನಿಂದ ಆಗುವ ಹಾನಿಯೂ ಉಂಟು. ಹತಾಶ ಪೋಷಕರಿದ್ದಲ್ಲಿಗೆ ‘ಗುಣಪಡಿಸುವವರು’ ಬಂದೇ ಬರುತ್ತಾರೆ. ಆಕರಕೋಶ ಚಿಕಿತ್ಸೆ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಕಳೆದುಕೊಂಡವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತೂ ಹೀಗೆಯೇ ಹಬ್ಬುತ್ತದೆ. ಅದಕ್ಕೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇನ್ನು, ‘ನಿಮ್ಮವಳು ಮಾತಾಡಿದಳಾ? ನಮ್ಮವಳು ಆಡಿದಳು’ ಎಂಬ ಹೋಲಿಕೆ ಶುರುವಾದರೆ ಗುಂಪು ಒಡೆದಂತೆಯೇ.

ಗುಂಪು ವೈದ್ಯರಿಗೆ ಬದಲಿಯಲ್ಲ. ಹುಡುಗಿ ಊಟ ಬಿಟ್ಟು ತೂಕ ಇಳಿಯುತ್ತಿದ್ದರೆ, ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಫಿಟ್ಸ್ ಬಂದರೆ, ಕಲಿತಿದ್ದ ಮಾತು-ಕೆಲಸಗಳನ್ನು ಕಳೆದುಕೊಳ್ಳುತ್ತಿದ್ದರೆ, ಸಾಯುವ ಮಾತಾಡಿದರೆ ಮುಂದಿನ ಶನಿವಾರದವರೆಗೆ ಕಾಯಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ 14416, ಮಕ್ಕಳ ಮೇಲಿನ ದೌರ್ಜನ್ಯವಿದ್ದರೆ 1098. ಎರಡಕ್ಕೂ ಹಗಲುರಾತ್ರಿ ಕರೆ ಮಾಡಬಹುದು.

ಆಟಿಸಂ ಇದೆಯೇ ಎಂಬ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿಗೆ ಹೋಗಬಹುದು. ದೂರ ಹೋಗಲಾಗದವರು ಮೊದಲು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ವಿಚಾರಿಸಿ. 2016ರ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಬಹಳಷ್ಟು ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂಬ ಪ್ರಮಾಣಪತ್ರ ಬೇಕು. ವೇಷ ಕಟ್ಟುವುದರಲ್ಲಿ ಪಳಗಿದ ಹುಡುಗಿ ಹೊಸಬರ ಎದುರು ಹತ್ತು ನಿಮಿಷ ಚೆನ್ನಾಗಿಯೇ ಉತ್ತರಿಸಿ, ಪತ್ರವಿಲ್ಲದೆ ಹಿಂತಿರುಗುವುದುಂಟು. ಆದ್ದರಿಂದ ಹೋಗುವ ಮುನ್ನ ಎರಡು ವಾರ ಮನೆಯಲ್ಲಿ ನಡೆದದ್ದನ್ನು ದಿನಾಂಕ ಹಾಕಿ ಬರೆದಿಡಿ. ತರಗತಿಯ ಶಿಕ್ಷಕರಿಂದಲೂ ಒಂದು ಪುಟ ಬರೆಸಿಕೊಳ್ಳಿ. ಪ್ರಮಾಣಪತ್ರ ಸಿಕ್ಕವರು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ನಿರಾಮಯ’ ಆರೋಗ್ಯ ವಿಮೆಗೆ ಹೆಸರು ಬರೆಸಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಅದು ಒದಗುತ್ತದೆ. ಮಗಳಿಗೆ 18 ತುಂಬಿದ ಮೇಲೆ ಪೋಷಕತ್ವದ ಅಗತ್ಯವಿದ್ದರೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಈ ಅರ್ಜಿಗಳನ್ನು ಒಮ್ಮೆ ತುಂಬಿದ ತಾಯಿಯೊಬ್ಬರು ಗುಂಪಿನಲ್ಲಿದ್ದರೆ ಉಳಿದ ಐವರಿಗೆ ಕಚೇರಿಯ ಅಲೆದಾಟ ಅರ್ಧ ಉಳಿಯುತ್ತದೆ.